ಖಾಲಿ ಜಾಗ

ರಜೆಗೆ ಊರಿಗೆ ಬಂದ ಮೆಡಿಕಲ್ ವಿದ್ಯಾರ್ಥಿಯ ಮುಂದೆ ಯಾರೂ ಹೊಟ್ಟೆ ಕೊಯ್ಯಿಸಿಕೊಳ್ಳಲು ಮಲಗುವುದಿಲ್ಲ. ಕಾನೂನು ಓದುವ ಹುಡುಗನ ಕೈಗೆ ಗದ್ದೆಯ ವ್ಯಾಜ್ಯ ಕೊಡುವಷ್ಟು ಧೈರ್ಯವೂ ನಮ್ಮ ಕಡೆಯವರಿಗಿಲ್ಲ. ‘ಮೊದಲು ಓದು ಮುಗಿಸಲಿ’ ಎನ್ನುತ್ತಾರೆ. ಈ ರಿಯಾಯಿತಿ ಸಿಗದ ವಿದ್ಯೆಯೆಂದರೆ ಡಿಸೈನ್. ಡಿಸೈನ್ ಓದುವ ಹುಡುಗಿ ಬಸ್ಸಿಳಿದು ಬಂದು ಚೀಲ ಕೆಳಗಿಡುವಷ್ಟರಲ್ಲಿ ಕೆಲಸ ಕಾದಿರುತ್ತದೆ. ‘ಹೇಗೂ ಲ್ಯಾಪ್‌ಟಾಪ್ ತಂದಿದ್ದೀಯಲ್ಲ’ ಎಂಬುದು ಪೀಠಿಕೆ, ‘ಐದೇ ನಿಮಿಷದ ಕೆಲಸ’ ಎಂಬುದು ಕರಾರು. ಸಂಭಾವನೆಯ ಸುದ್ದಿ ಆ ಕರಾರಿನಲ್ಲಿ ಇರುವುದಿಲ್ಲ.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಡಿಸೈನ್ ಓದುತ್ತಾಳೆ. ಯಾವ ಡಿಸೈನ್ ಎಂಬುದರ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ನನ್ನ ಹೆಂಡತಿಯ ಪ್ರಕಾರ ಬ್ಲೌಸಿನದು, ನನ್ನ ಅಣ್ಣನ ಪ್ರಕಾರ ಮನೆ ಪ್ಲಾನಿನದು, ಪಕ್ಕದ ಮನೆಯ ಅಜ್ಜಿಯ ಪ್ರಕಾರ ರಂಗೋಲಿಯದು. ಈ ಬೇಸಿಗೆ ಅವಳು ಸಾಗರದ ನಮ್ಮ ಮನೆಗೆ ಬಂದದ್ದು ಕಾಲೇಜಿನ ಕೆಲಸವೊಂದನ್ನು ಹೊತ್ತುಕೊಂಡು. ಈ ಸೀಮೆಯ ಬಣ್ಣಗಳದ್ದೇ ಒಂದು ಪುಸ್ತಕ ಮಾಡಬೇಕಿತ್ತು. ಅಡಿಕೆ ಬೇಯಿಸಿದ ಚೊಗರು, ಕೆಮ್ಮಣ್ಣು, ಅಳಲೆಕಾಯಿ, ಇಂಥವುಗಳಿಂದ ಬಟ್ಟೆ ಕಾಗದಗಳಿಗೆ ಬಣ್ಣ ಹಾಕಿ, ಪುಟಕ್ಕೊಂದು ತುಂಡು ಅಂಟಿಸಿ, ಸುತ್ತ ಬೇಕಾದಷ್ಟು ಬಿಳಿ ಬಿಡುವುದು. ಬಿಳಿ ಬಿಡುವುದು ಅವಳ ಕಾಲೇಜಿನಲ್ಲಿ ದೊಡ್ಡ ವಿಷಯವಂತೆ. ಅಕ್ಷರದಷ್ಟೇ ಅದರ ಸುತ್ತಲಿನ ಖಾಲಿ ಜಾಗವೂ ಮಾತಾಡುತ್ತದೆ ಎಂದು ಮೇಷ್ಟ್ರುಗಳು ವರ್ಷಗಟ್ಟಲೆ ಕಲಿಸುತ್ತಾರೆ. ಹಾಗೆ ಕಲಿತವಳು ಮದುವೆ ಸೀಜನ್ನಿನಲ್ಲಿ ಸಾಗರಕ್ಕೆ ಬಂದು ಇಳಿದಳು.

ಅಣ್ಣನ ಮಗನ ಮದುವೆ ಮೇ ತಿಂಗಳಿನಲ್ಲಿ. ಲಗ್ನಪತ್ರಿಕೆ ಸಹಜವಾಗಿಯೇ ಅವಳ ಪಾಲಿಗೆ ಬಂತು. ಒಂದು ರಾತ್ರಿಯೆಲ್ಲ ಕುಳಿತು ಮಾಡಿದಳು. ಕೆನೆಬಣ್ಣದ ಕಾಗದದ ಮೇಲ್ತುದಿಯಲ್ಲಿ ಹುಡುಗ ಹುಡುಗಿಯ ಹೆಸರು, ಕೆಳಗೆ ದಿನ, ಊರು. ಉಳಿದದ್ದೆಲ್ಲ ಖಾಲಿ. ನಿಜಕ್ಕೂ ಚೆನ್ನಾಗಿತ್ತು. ಅಣ್ಣ ಕನ್ನಡಕ ಹಾಕಿಕೊಂಡು ನೋಡಿದ, ತಿರುಗಿಸಿ ಹಿಂಬದಿಯನ್ನೂ ನೋಡಿದ.

“ಉಳಿದದ್ದು ಎಲ್ಲಿ?”

“ಉಳಿದದ್ದು ಅಂದ್ರೆ, ದೊಡ್ಡಮಾವ?”

“ಮನುಷ್ಯರು.”

ಮನುಷ್ಯರು ಬರತೊಡಗಿದರು. ಮೊದಲು ದೇವರು, ಅದೂ ಗಣಪತಿ ಒಬ್ಬನೇ ಸಾಲದು, ಕುಲದೇವರೂ ಬೇಕು. ಆಮೇಲೆ ಶಾಲಿವಾಹನ ಶಕೆ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ಬೆಳಿಗ್ಗೆ 11-10ರ ಕರ್ಕಾಟಕ ಲಗ್ನ. ಸ್ವರ್ಗಸ್ಥರಾದ ಅಜ್ಜ ಅಜ್ಜಿ. ಎರಡೂ ಕಡೆಯ ತಂದೆತಾಯಿ. ಅನಂತರ ‘ಸುಖಾಗಮನ ಬಯಸುವವರು’ ಎಂಬ ಮಹಾಸಾಗರ. ಯಾವುದು ದೊಡ್ಡಕ್ಷರ, ಯಾವುದು ಸಣ್ಣಕ್ಷರ ಎಂಬುದನ್ನು ಕಣ್ಣು ತೀರ್ಮಾನಿಸಬೇಕು ಎಂದು ಅವಳಿಗೆ ಕಲಿಸಿದ್ದಾರೆ. ನಮ್ಮಲ್ಲಿ ಅದನ್ನು ತೀರ್ಮಾನಿಸುವುದು ಹಳೆಯ ಪಾಲುಪಟ್ಟಿ. ಚಿಕ್ಕಪ್ಪನ ಹೆಸರು ಒಂದು ಪಾಯಿಂಟ್ ಕಿರಿದಾದರೆ ಚಿಕ್ಕಪ್ಪ ಮದುವೆಗೆ ಬರುವುದಿಲ್ಲ. ಹೆಸರು ಸಾಲಿನ ಕೊನೆಯಲ್ಲಿ ಮುರಿದು, ಇನಿಷಿಯಲ್ಲು ಮೇಲೆ, ಹೆಸರು ಕೆಳಗೆ ಹೋದರೆ ಬಂದರೂ ಊಟ ಮಾಡುವುದಿಲ್ಲ.

ಅವಳು ಸೋಲಲಿಲ್ಲ, ಪಾಠ ಹೇಳಿದಳು. 1958ರಲ್ಲಿ ಚಾರ್ಲ್ಸ್ ಈಮ್ಸ್, ರೇ ಈಮ್ಸ್ ಎಂಬ ಅಮೆರಿಕದ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಬರೆದುಕೊಟ್ಟರು, ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅದೇ ತಳಪಾಯ. ಈ ದೇಶದಲ್ಲಿ ಅವರು ಕಂಡ ವಸ್ತುಗಳಲ್ಲೆಲ್ಲ ಅವರನ್ನು ಮರುಳು ಮಾಡಿದ್ದು ನಮ್ಮ ಚೊಂಬು. ಕೈಗೆ ಎಷ್ಟು ಒಗ್ಗುತ್ತದೆ, ಸೊಂಟದ ಮೇಲೆ ಹೇಗೆ ಕೂರುತ್ತದೆ, ನೀರು ಹೇಗೆ ಸುರಿಯುತ್ತದೆ ಎಂದೆಲ್ಲ ಯೋಚಿಸಿ, ಇದನ್ನು ಯಾರೋ ಒಬ್ಬ ಮಾಡಿರಲು ಸಾಧ್ಯವಿಲ್ಲ, ತಲೆಮಾರುಗಳ ಕಾಲ ಎಷ್ಟೋ ಜನ ತಿದ್ದುತ್ತ ಬಂದದ್ದು ಎಂದು ಬರೆದರು. ಇದರಲ್ಲಿ ಒಂದು ಗೆರೆಯೂ ಹೆಚ್ಚಿಲ್ಲ ನೋಡಿ ಎಂಬುದು ಅವಳ ವಾದದ ತಿರುಳು. ಅಣ್ಣ ಪೂರ್ತಿ ಕೇಳಿಸಿಕೊಂಡು ಹೇಳಿದ: “ಅಲ್ಲ ಮಾರಾಯ್ತಿ, ಚೊಂಬನ್ನು ಊರೆಲ್ಲ ಸೇರಿ ತಿದ್ದಿದರೆ ಹೊಗಳ್ತೀರಿ, ಪತ್ರಿಕೆಯನ್ನ ನಾನೊಬ್ಬ ತಿದ್ದಿದರೆ ತಪ್ಪಾ?”

ನನ್ನ ಅಭಿಪ್ರಾಯ ಕೇಳಿದರೆ, ಪತ್ರಿಕೆಯ ಮಟ್ಟಿಗೆ ನಾನು ಅಣ್ಣನ ಪಕ್ಷ. ಮುಹೂರ್ತವನ್ನೂ ಛತ್ರದ ದಾರಿಯನ್ನೂ ತಿಳಿಸಲು ಈಗ ವಾಟ್ಸಾಪ್ ಇದೆ. ಅಚ್ಚಾದ ಪತ್ರಿಕೆಗೆ ಉಳಿದಿರುವ ಕೆಲಸ, ನಾಲ್ಕು ಮೂಲೆಗೂ ಅರಿಸಿನ ಹಚ್ಚಿಸಿಕೊಂಡು, ಈ ಮನೆಗೆ ಇಷ್ಟು ಜನ ಸೇರಿದವರು ಎಂದು ಸಾರುವುದು. ಹೆಸರುಗಳನ್ನು ತೆಗೆದರೆ ಉಳಿಯುವುದು ಬರೀ ಒಳ್ಳೆಯ ಕಾಗದ.

ಪ್ರೆಸ್ಸಿನಲ್ಲಿ ಮಾತ್ರ ನಾನು ಅವಳ ಕಡೆ ವಾಲಿದೆ. ಈಗ ಕನ್ನಡಕ್ಕೆ ಫಾಂಟುಗಳ ಬರವಿಲ್ಲ. ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ, ಬೆಣ್ಣೆ, ಬಾಲೂ ತಮ್ಮ ಎಂದು ತೊಟ್ಟಿಲಲ್ಲಿ ಇಡುವ ಹೆಸರುಗಳಂಥ ಹೆಸರುಗಳು. ಇವೆಲ್ಲ ಯೂನಿಕೋಡಿನವು. ಪ್ರೆಸ್ಸಿನ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ‘ನುಡಿ’ ತಂತ್ರಾಂಶ, ಅದಕ್ಕಿಂತ ಹಳೆಯ ಪೇಜ್‌ಮೇಕರ್. ಅಲ್ಲಿ ಅವಳ ಫೈಲು ತೆರೆದರೆ ಲಕ್ಷ್ಮಿಯ ಒತ್ತುಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದವು, ಅರ್ಕಾವೊತ್ತು ಬೇರೆ ಯಾರದೋ ಹೆಸರಿಗೆ ಅಂಟಿಕೊಂಡಿತ್ತು. ಅಕ್ಷರಗಳನ್ನೆಲ್ಲ ಚಿತ್ರವಾಗಿ ಬದಲಾಯಿಸಿ ಕೊಟ್ಟಳು. ಚಿತ್ರವಾದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ. ಸರಿಯಾಗಿ ಆ ಗಳಿಗೆಗೆ ಅಣ್ಣನ ಫೋನು, ಷಡ್ಡಕನ ಹೆಸರು ಬಿಟ್ಟುಹೋಗಿದೆಯಂತೆ.

ಆಪರೇಟರ್ ಒಳ್ಳೆಯ ಹುಡುಗ. “ಸಾಲು ಸ್ವಲ್ಪ ಒತ್ತಿದರೆ ಷಡ್ಡಕರನ್ನ ಹಿಡಿಸಬಹುದು ಮೇಡಂ” ಎಂದು ಒತ್ತಿದ. ಕನ್ನಡಕ್ಕೆ ಈ ಸೌಲಭ್ಯವಿಲ್ಲ. ಇಂಗ್ಲಿಷ್ ಅಕ್ಷರ ಸಾಲಿನ ಮೇಲೆ ಮಟ್ಟಸವಾಗಿ ಕೂತಿರುತ್ತದೆ, ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವು ಸಲ ಒತ್ತಿಗೂ ಒಂದು ಒತ್ತು. ಸಾಲು ಹತ್ತಿರ ತಂದರೆ ಮೇಲಿನ ಮನೆಯವರ ಕಾಲು ಕೆಳಗಿನ ಮನೆಯವರ ತಲೆಗೆ ತಾಗುತ್ತದೆ. ಅಜ್ಜನ ಹೆಸರಿನ ಒತ್ತು ಸೊಸೆಯ ಹೆಸರಿನ ಗುಡಿಸಿಗೆ ಸಿಕ್ಕಿಕೊಂಡದ್ದನ್ನು ನಾನೇ ಕಂಡೆ. ಅವಳು ಪಟ್ಟು ಬಿಡಲಿಲ್ಲ. ಷಡ್ಡಕನೂ ಉಳಿದ, ಸಾಲುಗಳೂ ಉಸಿರಾಡಿದವು, ಅಂಚಿನ ಬಳ್ಳಿ ಮಾತ್ರ ಹೋಯಿತು.

ಇದರ ನಡುವೆಯೇ ಮಕ್ಕಳ ಬೇಸಿಗೆ ಶಿಬಿರವೊಂದಕ್ಕೆ ಹೋಗಿ ಅಡಿಕೆ ಹಾಳೆಯಲ್ಲಿ ಮುಖವಾಡ ಮಾಡಿಸಿ ಬಂದಳು. ಒಣಗಿದ ಹಾಳೆ ಬಗ್ಗಿಸಿದರೆ ಸೀಳುತ್ತದೆ, ನೆನೆಹಾಕಿ ಮೆತ್ತಗಾದ ಮೇಲೆ ಹೇಳಿದಂತೆ ಕೇಳುತ್ತದೆ. ಹಾಳೆ ನೆನೆಯುವವರೆಗೆ ಕಾಯುವ ತಾಳ್ಮೆ ಮಕ್ಕಳಿಗಿಲ್ಲ, ಬಣ್ಣ ಮುಗಿಯುವವರೆಗೆ ಕೈಯೂ ನಿಲ್ಲುವುದಿಲ್ಲ. ಹವ್ಯಾಸಿ ಯಕ್ಷಗಾನದವರ ಕರಪತ್ರವೂ ಅವಳದೇ. ಒಂದೇ ಒಂದು ಮುಂಡಾಸಿನ ಚಿತ್ರ ಇಟ್ಟುಕೊಟ್ಟಳು. ಭಾಗವತರಿಂದ ಹಿಡಿದು ಹಾಸ್ಯಗಾರನವರೆಗೆ ಎಲ್ಲರ ಫೋಟೋ ಎಲ್ಲಿ ಎಂದು ಕೇಳಿದರು. ಮುಂದಿನದನ್ನು ಹೇಳಬೇಕಾಗಿಲ್ಲ.

ಅದೇ ಆಟಕ್ಕೆ ಬಟ್ಟೆಯ ಬ್ಯಾನರ್ ಬರೆಯಲು ಬಂದ ಪೇಂಟರನ್ನು ಮಾತ್ರ ಅವಳು ನೆರಳಿನಂತೆ ಹಿಂಬಾಲಿಸಿದಳು. ಊರಿಗೆಲ್ಲ ಬೋರ್ಡು ಬರೆಯುತ್ತಿದ್ದ ಮನುಷ್ಯ, ಫ್ಲೆಕ್ಸ್ ಬಂದ ಮೇಲೆ ಮನೆಗೆ ಸುಣ್ಣಬಣ್ಣ ಹಿಡಿದವನು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತು. ನಿಷೇಧ ಕಾಗದದಲ್ಲೂ ಫ್ಲೆಕ್ಸ್ ಕಂಬದಲ್ಲೂ ಸುಖವಾಗಿ ಉಳಿದಿವೆ, ಆದರೂ ಯಾರಾದರೂ ನಿಯಮದವರು ಸಿಕ್ಕರೆ ಇವನಿಗೆ ಒಂದು ದಿನದ ಕೆಲಸ. ದಾರಕ್ಕೆ ಸೀಮೆಸುಣ್ಣ ತಿಕ್ಕಿ, ಎರಡು ಕಡೆ ಬಿಗಿಯಾಗಿ ಹಿಡಿಸಿ, ನಡುವೆ ಎಳೆದು ಬಿಟ್ಟ. ಬಟ್ಟೆಯ ಮೇಲೆ ಬಿಳಿ ಗೆರೆ ಮೂಡಿತು. ಅವಳು ಅಳತೆಪಟ್ಟಿ ತೆಗೆದು ಅಕ್ಷರ ಎಣಿಸುತ್ತಿದ್ದಳು. “ಅಕ್ಷರ ಎಣಿಸಿದರೆ ಆಗಲ್ಲ ಪುಟ್ಟಿ, ಹೊಟ್ಟೆ ಎಣಿಸ್ಬೇಕು” ಎಂದ. ‘ಮ’ಕ್ಕೆ, ‘ಯ’ಕ್ಕೆ ದೊಡ್ಡ ಹೊಟ್ಟೆ, ‘ರ’, ‘ಗ’ ಬಡಪಾಯಿಗಳು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಅದಕ್ಕೆ ಅಗಲದ ಲೆಕ್ಕ ಅಷ್ಟಿಲ್ಲ. ಚಪ್ಪಟೆ ಕುಂಚವನ್ನು ಒಂದು ಸಲ ಒತ್ತಿ ತಿರುಗಿಸಿದರೆ ‘ರ’ದ ಹೊಟ್ಟೆ ಆಗಿರುತ್ತಿತ್ತು, ಎತ್ತುವಾಗ ತುದಿಯಲ್ಲಿ ಎಳೆದರೆ ತಲೆಕಟ್ಟು. ಕೊನೆಗೆ ಬಟ್ಟೆಯ ಎರಡೂ ತುದಿಯಲ್ಲಿ ಮೊಳದಷ್ಟು ಖಾಲಿ ಬಿಟ್ಟು ಕೈ ತೊಳೆದ. ಇವಳಿಗೆ ಆನಂದವೋ ಆನಂದ. ಅಲ್ಲಿಗೂ ಒಂದು ಹೆಸರು ತುರುಕಲು ಹೊರಟ ಸಂಘಟಕರಿಗೆ ಅವನು ಹೇಳಿದ್ದು ಇಷ್ಟೇ: “ಬರೀಬಹುದು, ಆದ್ರೆ ಆ ಹೆಸರು ಕಂಬಕ್ಕೆ ಸುತ್ತಿಕೊಳ್ತದೆ.” ಮೇಷ್ಟ್ರುಗಳ ಯಾವ ವಾದಕ್ಕೂ ಇಷ್ಟು ಬಲವಿಲ್ಲ.

ಹಲಸಿನ ಹಪ್ಪಳ ಮಾಡುವ ಸ್ವಸಹಾಯ ಸಂಘದವರ ಲೇಬಲ್ಲಿನಲ್ಲಿ ಅಣ್ಣನ ಜಾಗಕ್ಕೆ ಕಾನೂನು ಬಂದು ಕೂತಿತು. ಹದಿನಾಲ್ಕು ಅಂಕಿಯ ಆಹಾರ ಪರವಾನಗಿ ಸಂಖ್ಯೆ, ತೂಕ, ಬೆಲೆ, ತಯಾರಿಸಿದ ದಿನ, ವಿಳಾಸ, ಏನೇನು ಹಾಕಿದೆ ಎಂಬ ವಿವರ, ಸಸ್ಯಾಹಾರದ ಹಸಿರು ಚುಕ್ಕೆ. ಇಷ್ಟಾಗಿ ಉಳಿದ ಅಂಗೈಯಗಲದಲ್ಲಿ ಹಲಸಿನ ಮರ, ಒರಳು, ಸೆರಗು ಹೊದ್ದ ಅಜ್ಜಿ, ಮೂರೂ ಬೇಕೆಂದರು. ಅವಳು ಏನೂ ಬೇಡ, ಆ ಜಾಗದಲ್ಲಿ ಪೊಟ್ಟಣ ಪಾರದರ್ಶಕವಾಗಿಯೇ ಇರಲಿ, ಹಪ್ಪಳವೇ ಕಾಣಲಿ ಎಂದಳು. ನಾನು ಜಗಳಕ್ಕೆ ತಯಾರಾಗಿ ಕೂತಿದ್ದೆ. ಆದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿಬಿಟ್ಟರು. ಸಂತೆಯಲ್ಲಿ ಗಿರಾಕಿ ಪೊಟ್ಟಣ ಎತ್ತಿ ಮೊದಲು ನೋಡುವುದು ಹಪ್ಪಳ ಒಡೆದಿದೆಯೋ ಇಲ್ಲವೋ ಎಂಬುದನ್ನು, ಅದು ಅವರಿಗೆ ಗೊತ್ತು. ಇಡೀ ಬೇಸಿಗೆಯಲ್ಲಿ ಅವಳಿಗೆ ದುಡ್ಡು ಕೊಟ್ಟವರೂ ಇವರೇ, ಅದೂ ಲಕೋಟೆಯಲ್ಲಿ ಹಾಕಿ, ಮೇಲೊಂದು ರೂಪಾಯಿ ಸೇರಿಸಿ.

ಅವಳ ಸ್ವಂತ ಪುಸ್ತಕದ ಕೆಲಸ ನಡೆಯುತ್ತಿದ್ದದ್ದು ರಾತ್ರಿ, ಹಿತ್ತಿಲಿನಲ್ಲಿ. ಸುಗ್ಗಿಯಲ್ಲಿ ಅಡಿಕೆ ಬೇಯಿಸಿ ಉಳಿಸಿಟ್ಟ ಚೊಗರಿಗೆ ನೀರು ಬೆರೆಸಿ ಬಟ್ಟೆ ಅದ್ದಿದರೆ ಕೆಂಪುಗಂದು. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ, ಆ ನೀರಿಗೆ ಅದೇ ಬಟ್ಟೆ ಇಳಿಸಿದರೆ ಕಣ್ಣೆದುರೇ ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗುತ್ತದೆ. ಚೊಗರಿನ ಒಗರೂ ಕಬ್ಬಿಣವೂ ಸೇರಿದರೆ ಆಗುವುದು ಕಪ್ಪು. ನನ್ನ ಹೆಂಡತಿಯ ಎರಡು ಪಾತ್ರೆಗಳು ಈ ಪ್ರಯೋಗಕ್ಕೆ ಶಾಶ್ವತವಾಗಿ ಸಂದವು. ಕೆಮ್ಮಣ್ಣು ಮತ್ತು ಹಳದಿ ಹುಡುಕಿಕೊಂಡು ಅವಳು ನನ್ನನ್ನು ತಾಲ್ಲೂಕಿನ ಒಂದು ಹಳ್ಳಿಗೆ ಎಳೆದುಕೊಂಡು ಹೋದಳು. ದೀವರ ಮನೆ, ಮದುವೆಗೆ ಹಸೆಗೋಡೆ ಬರೆಯುತ್ತಿದ್ದರು.

ಕೆಮ್ಮಣ್ಣು ಬಳಿದ ಗೋಡೆ. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಸೀಯುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿನಾರಿನ ಒಂದು ಎಳೆ. ಮನೆಯ ಹಿರಿಯಾಕೆ ಆ ನಾರನ್ನು ಬಿಳಿಯಲ್ಲಿ ಅದ್ದಿ ಗೋಡೆಗೆ ಒರಗಿಸಿ ಮೆಲ್ಲಗೆ ಎಳೆಯುತ್ತಿದ್ದರು. ಅಳತೆಯಿಲ್ಲ, ಪೆನ್ಸಿಲ್ ಗುರುತಿಲ್ಲ, ಗೆರೆ ಮಾತ್ರ ದಾರ ಕಟ್ಟಿದಷ್ಟು ನೇರ. ಗೆರೆಗೆ ಗೆರೆ ತಾಗದಂತೆ, ನಡುವೆ ಅಷ್ಟೇ ತೆಳುವಾದ ಇನ್ನೊಂದು ಕೆಂಪು ಗೆರೆ. ಆ ಕೆಂಪನ್ನು ಯಾರೂ ಬರೆದಿಲ್ಲ, ಗೋಡೆಯೇ ಅದು. ಇಲ್ಲಿ ಬಿಡುವುದು ಎಷ್ಟು ಎಂದು ಹೇಗೆ ಗೊತ್ತಾಗುತ್ತದೆ ಎಂದು ಇವಳು ಕೇಳಿದಳು. “ಗೋಡೆ ಕಾಣ್ಬೇಕಲ್ಲ ಮಗಾ” ಎಂದು ಅವರು ಮುಂದಿನ ಗೆರೆ ಎಳೆದರು.

ಹಾಗೆಂದು ಹಸೆಗೋಡೆಯ ಈ ಚಿತ್ತಾರ ಕಡಿಮೆ ಮಾತಿನ ಕಲೆಯಲ್ಲ. ಅಂಚಿನಿಂದ ಅಂಚಿಗೆ ಗೆರೆಯೋ ಗೆರೆ, ಕೈಯಗಲ ಜಾಗವೂ ಸುಮ್ಮನೆ ಕೂತಿಲ್ಲ. ತುಂಬಿಸಿಯೂ ಖಾಲಿ ಉಳಿಸಿಕೊಳ್ಳುವ ಈ ಲೆಕ್ಕ ಅವಳ ಮೇಷ್ಟ್ರುಗಳದ್ದೂ ಅಲ್ಲ, ನನ್ನ ಅಣ್ಣನದ್ದೂ ಅಲ್ಲ. ಮನೆಗೆ ಬಂದು ಇದನ್ನು ಉತ್ಸಾಹದಿಂದ ವಿವರಿಸಿದೆ. ಅಣ್ಣ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವನು, “ಗೋಡೆ ದೊಡ್ಡದು, ಪತ್ರಿಕೆ ಸಣ್ಣದು” ಎಂದು ಕಡ್ಡಿ ಮುರಿದ.

ಮದುವೆ ಆಯಿತು. ಷಡ್ಡಕ ಬಂದ, ಚಿಕ್ಕಪ್ಪ ಉಂಡ. ಮಳೆ ಹಿಡಿಯುವ ಹೊತ್ತಿಗೆ ಪುಸ್ತಕವೂ ಮುಗಿಯಿತು. ಪುಟಕ್ಕೊಂದು ಬಣ್ಣದ ತುಂಡು, ಸುತ್ತ ಅಂಗಳದಷ್ಟು ಬಿಳಿ. ಅದನ್ನು ಯಾರೂ ತಿದ್ದಲು ಬರಲಿಲ್ಲ, ಅದರಲ್ಲಿ ಯಾರ ಹೆಸರೂ ಇರಲಿಲ್ಲವಲ್ಲ.

ಹೊರಡುವ ಮುನ್ನ ಕಾಲೇಜಿನ ಫಾರಂ ಒಂದನ್ನು ತುಂಬಿಸಬೇಕಿತ್ತು. ವಿದ್ಯಾರ್ಥಿನಿ ರಜೆಯಲ್ಲಿ ಮಾಡಿದ ಕೆಲಸದ ಬಗ್ಗೆ ಕೆಲಸ ಕೊಟ್ಟವರ ಅಭಿಪ್ರಾಯ, ಸಹಿ. ಅಣ್ಣನೇ ಬರೆಯುತ್ತೇನೆಂದ. ಅಭಿಪ್ರಾಯಕ್ಕೆಂದು ಬಿಟ್ಟಿದ್ದ ನಾಲ್ಕು ಗೆರೆ ಮೊದಲ ವಾಕ್ಯಕ್ಕೇ ಸಾಲಲಿಲ್ಲ. ಇನ್‌ಲ್ಯಾಂಡ್ ಪತ್ರದ ಕಾಲದವನು, ಅಂಚಿಗೆ ಬಂದ, ಕಾಗದ ಅಡ್ಡ ತಿರುಗಿಸಿ ಎಡಗಡೆ ಏರಿದ, ತಲೆಕೆಳಗು ಮಾಡಿ ಮೇಲ್ತುದಿಯನ್ನೂ ಮುಗಿಸಿದ. ಹುಡುಗಿ ಬುದ್ಧಿವಂತೆ, ಹಟಮಾರಿ, ಹಿರಿಯರು ಹೇಳಿದ್ದನ್ನು ಕೊನೆಗಾದರೂ ಕೇಳುತ್ತಾಳೆ ಎಂಬುದು ನಾಲ್ಕು ಗೆರೆಯೊಳಗಿನ ವಿಷಯ. ಅಂಚಿನಲ್ಲಿದ್ದದ್ದು, ಮಾಘದಲ್ಲಿ ಮೊಮ್ಮಗನ ಉಪನಯನವಿದೆ, ಪ್ರೊಫೆಸರರು ಕುಟುಂಬ ಸಮೇತರಾಗಿ ಎರಡು ದಿನ ಮುಂಚೆಯೇ ಬರಬೇಕು, ಪತ್ರಿಕೆಯನ್ನು ಇದೇ ಹುಡುಗಿ ಮಾಡುವವಳಿದ್ದಾಳೆ, ತಮ್ಮ ಹೆಸರನ್ನು ಯಾವ ರೀತಿ ಹಾಕಿಸಬೇಕೆಂದು ದಯವಿಟ್ಟು ತಿಳಿಸುವುದು.