ನೀಲಗಿರಿಯ ಏರು, ಗಾಡಿಯ ಗೇರು

ಬಂಡೀಪುರದ ಕಾಡನ್ನು ದಾಟಿ ಮುದುಮಲೆಯನ್ನು ಪ್ರವೇಶಿಸಿದವರಿಗೆ ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ದಾರಿ ಗೂಡಲೂರು, ನಡುವಟ್ಟಂ, ಪೈಕಾರಾಗಳನ್ನು ಬಳಸಿಕೊಂಡು ಉದಕಮಂಡಲಕ್ಕೆ ಏರುತ್ತದೆ. ಇನ್ನೊಂದು ಮಸಿನಗುಡಿಯ ಮೂಲಕ ಸಾಗಿ, ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ನೇರವಾಗಿ ಬೆಟ್ಟವನ್ನೇ ಹತ್ತುತ್ತದೆ. ಕಲ್ಹಟ್ಟಿ ಎಂಬ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಬಡಗರ ನುಡಿಯಲ್ಲಿಯೂ ಹಟ್ಟಿಯೆಂದರೆ ಊರು.

ಎರಡನೆಯ ದಾರಿ ಹತ್ತಿರದ್ದು, ಆದರೆ ಕಠಿಣವಾದುದು. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲಕ್ಕೂ ತಪ್ಪಲಿನ ಮಸಿನಗುಡಿಗೂ ನಡುವೆ ಸಾವಿರ ಮೀಟರಿಗಿಂತ ಹೆಚ್ಚಿನ ಅಂತರವಿದೆ. ಬ್ರೇಕ್ ಸೋತು ಪ್ರಪಾತಕ್ಕುರುಳಿದ ಗಾಡಿಗಳ ಕಾರಣದಿಂದ, ಹೊರಗಿನ ವಾಹನಗಳು ಇಲ್ಲಿ ಇಳಿಯದಂತೆ ಪೊಲೀಸರು ತಡೆಯುತ್ತಾರೆ; ಹತ್ತುವುದಕ್ಕೆ ಮಾತ್ರ ಅವಕಾಶ. ಇಳಿಯುವಾಗ ಬ್ರೇಕಿಗೆ ಪರೀಕ್ಷೆಯಾದರೆ, ಹತ್ತುವಾಗ ಪರೀಕ್ಷೆ ಗೇರ್‌ಬಾಕ್ಸಿಗೆ.

ಬೇಸಿಗೆ ರಜೆಯಲ್ಲಿ ಏಳು ಜನರನ್ನೂ ಅವರ ಸಾಮಾನನ್ನೂ ಹೊತ್ತ ಎಸ್‌ಯುವಿಯೊಂದು ಈ ಘಾಟಿಯನ್ನು ಏರುತ್ತಿದೆಯೆಂದು ಭಾವಿಸೋಣ. ಮುಂದೆ ಬಸ್ಸು, ಹಿಂದೆ ಕಾರುಗಳ ಸಾಲು. ಗಾಡಿ ಹತ್ತು ಮಾರು ಚಲಿಸಿ ನಿಲ್ಲುತ್ತದೆ, ಮತ್ತೆ ಚಲಿಸುತ್ತದೆ. ಪ್ರತಿ ಸಲ ಹೊರಡುವಾಗಲೂ ಕ್ಲಚ್ಚು ಉಜ್ಜಿ ಬಿಸಿಯಾಗುತ್ತದೆ. ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚುಗಳೆರಡನ್ನು ಹೊಂದಿದ ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಆ ಬಿಸಿ ಬೇಗ ಹೊರಹೋಗುವುದಿಲ್ಲ. ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿರುವುದು, ಗೇರ್ ಬದಲಾಗುವಾಗ ಗಾಡಿ ಜಗ್ಗುವುದು, ಸುಟ್ಟ ವಾಸನೆ, ಎಚ್ಚರಿಕೆಯ ದೀಪ: ಇವು ಮುನ್ಸೂಚನೆಗಳು. ಆಗ ಸುರಕ್ಷಿತವಾದ ಅಗಲದ ಜಾಗದಲ್ಲಿ ಗಾಡಿಯನ್ನು ನಿಲ್ಲಿಸಿ, ಕೈಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು ತಣಿಯಲು ಬಿಡಬೇಕು. ಕಿಲೋಮೀಟರುಗಳ ಲೆಕ್ಕದಲ್ಲಿ ಇನ್ನೂ ಹೊಸದೆನಿಸುವ ಗಾಡಿಯೂ ಇಲ್ಲಿ ಕೈಕೊಡಬಹುದು.

ಈ ಬೆಟ್ಟದ ಮಟ್ಟಿಗೆ ಹಲ್ಲುಗಾಲಿಯ ಮಹತ್ವ ಹೊಸ ಮಾತಲ್ಲ. ಮೆಟ್ಟುಪಾಳ್ಯದಿಂದ 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ಬಂದ ರೈಲು, ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡೇ ಏರುತ್ತದೆ. ಅಲ್ಲಿ 12.5 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ಅಷ್ಟು ಏರಿನಲ್ಲಿ ನುಣುಪಾದ ಗಾಲಿಯನ್ನು ನಂಬಲಾಗದೆಂದು ಅಂದಿನ ಎಂಜಿನಿಯರರು ಅರಿತಿದ್ದರು. ಯುನೆಸ್ಕೊ 2005ರಲ್ಲಿ ಈ ರೈಲುಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಗಾಡಿ ತಣಿದ ಮೇಲೂ ಹೊರಡದಿದ್ದರೆ ಹಗ್ಗ ಕಟ್ಟಿ ಎಳೆಯಿಸುವುದು ಸಲ್ಲದು. ಎಂಜಿನ್ ನಿಂತಾಗ ಅನೇಕ ಸ್ವಯಂಚಾಲಿತ ಗೇರ್‌ಬಾಕ್ಸುಗಳಲ್ಲಿ ಎಣ್ಣೆಯ ಪಂಪೂ ನಿಲ್ಲುತ್ತದೆ. ಗಾಲಿ ತಿರುಗಿದಷ್ಟೂ ಒಳಭಾಗಗಳು ಒಣಗಿ ಸವೆಯುತ್ತವೆ. ಇಡೀ ಗಾಡಿಯನ್ನು ಲಾರಿಯ ಮೇಲೇರಿಸಿ ಸಾಗಿಸುವುದೇ ಕ್ಷೇಮ. ಮುದುಮಲೆ, ಬಂಡೀಪುರಗಳ ನಡುವೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರನಿರ್ಬಂಧವಿದೆ. ಕಾಡಿನ ನಡುವೆ ಗಾಡಿ ನಿಂತರೆ ಮಕ್ಕಳನ್ನು ಕೆಳಗಿಳಿಸದೆ, ಅರಣ್ಯ ಇಲಾಖೆಯ ತಪಾಸಣಾ ಠಾಣೆಗೆ ಸುದ್ದಿ ಮುಟ್ಟಿಸಬೇಕು. ಅದು ಆನೆಗಳು ದಾಟುವ ದಾರಿ.

ಬೆಟ್ಟದ ಕೆಳಗೆ ಬಂದ ಮೇಲೆ ಆರಂಭವಾಗುವುದು ಇನ್ನೊಂದು ಏರು. ವರ್ಷಗಳ ಉಳಿತಾಯ ಮತ್ತು ಸಾಲದಿಂದ ಕೊಂಡ ಗಾಡಿಯ ಗೇರ್‌ಬಾಕ್ಸು ಬೇಗನೆ ಕೆಟ್ಟಾಗ, "ಓಡಿಸುವವರ ತಪ್ಪು" ಎಂಬ ಉತ್ತರ ಬರುವುದುಂಟು. ಆ ಮಾತಿಗೆ ಎದುರಾಗಿ ನಿಲ್ಲುವುದು ಕಾಗದ. ಪ್ರತಿ ಸಲ ಗಾಡಿಯನ್ನು ವರ್ಕ್‌ಶಾಪಿಗೆ ಬಿಟ್ಟಾಗಲೂ ದೂರನ್ನು ಜಾಬ್ ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆಯಿಸಿ ಪ್ರತಿಯನ್ನು ಪಡೆಯಬೇಕು. ವಾರಂಟಿಯ ಅವಧಿಯೊಳಗೇ ಲಿಖಿತವಾಗಿ ತಿಳಿಸಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೂರಿಗೆ ಕಾರಣವಾದ ಘಟನೆ ನಡೆದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ಗಡಿನಾಡಿನವರಿಗೆ ಮುಖ್ಯವಾದ ಅಂಶವೊಂದುಂಟು: ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡ ಗಾಡಿ ನೀಲಗಿರಿಯಲ್ಲಿ ಕೆಟ್ಟರೂ ಕಾಸರಗೋಡಿನ ಕುಟುಂಬ ಕಾಸರಗೋಡಿನ ಆಯೋಗಕ್ಕೇ ಹೋಗಬಹುದು. ಆದರೆ ಹೊಸ ಗಾಡಿಯನ್ನೇ ಕೊಡಬೇಕೆಂಬ ಕೋರಿಕೆ ಸುಲಭವಾಗಿ ಈಡೇರದು. ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ವಾರಂಟಿಯ ಭರವಸೆ ದೋಷವುಳ್ಳ ಭಾಗವನ್ನು ಬದಲಿಸಿಕೊಡುವುದಷ್ಟೇ ಆಗಿರುವಾಗ ಇಡೀ ಕಾರನ್ನು ಬದಲಿಸಲು ಆದೇಶಿಸಲಾಗದೆಂದು ಹೇಳಿತು. ಆದ್ದರಿಂದ ಗೇರ್‌ಬಾಕ್ಸಿನ ಬದಲಾವಣೆ, ಗಾಡಿಯಿಲ್ಲದ ದಿನಗಳ ಖರ್ಚು, ಪರಿಹಾರಧನ, ಇವುಗಳನ್ನೂ ಬೇರೆಯಾಗಿ ಕೇಳುವುದು ವಿವೇಕ.

ಒಬ್ಬರ ದೂರು ಹಲವರ ದೂರಾದಾಗ ದೊಡ್ಡ ಕಂಪನಿಯೂ ಬಾಗುತ್ತದೆ. 2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯು ಏಳು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆಯ ಎಣ್ಣೆ ಬದಲಿಸಲು ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಿತು.

ಈಗ ನೀಲಗಿರಿಯನ್ನು ಕಾಣಬಯಸುವವರು ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಜಾರಿಗೆ ಬಂದ ಇ-ಪಾಸ್ ಪಡೆಯಬೇಕು. ಹೊರಡುವ ಮುನ್ನ ಗೇರ್‌ಬಾಕ್ಸಿನ ಎಣ್ಣೆಯನ್ನೂ ವಾರಂಟಿಯ ದಿನಾಂಕವನ್ನೂ ನೋಡಿಕೊಂಡು, ಹೊರೆ ತಗ್ಗಿಸಿ, ಮುಂಜಾನೆಯೇ ಘಾಟಿಯನ್ನು ಏರಿದರೆ, ಕಲ್ಹಟ್ಟಿಯ ತಿರುವುಗಳಲ್ಲಿ ಮಕ್ಕಳು ಕೆಳಗಿನ ಬಯಲನ್ನು ನಿಶ್ಚಿಂತೆಯಿಂದ ನೋಡಬಹುದು.