ಬೆವರದ ಯಂತ್ರಕ್ಕೂ ಸೆಖೆ

ಅಳದಂಗಡಿಯ ಏಪ್ರಿಲ್ ಸೆಖೆಯನ್ನು ಘಟ್ಟದ ಮೇಲಿನವರಿಗೆ ವಿವರಿಸುವುದು ಕಷ್ಟ. ಬಿಸಿಲೇನೂ ರಾಯಚೂರಿನಷ್ಟಿಲ್ಲ. ಆದರೆ ಗಾಳಿಯಲ್ಲಿ ನೀರಿನ ಪಸೆ ತುಂಬಿರುವುದರಿಂದ ಮೈಯ ಬೆವರು ಆರುವುದಿಲ್ಲ, ಆರದ ಬೆವರಿನಿಂದ ಮೈ ತಂಪಾಗುವುದೂ ಇಲ್ಲ. ಬೆವರುವ ಸೌಭಾಗ್ಯವೇ ಇಲ್ಲದ ಒಂದು ಪ್ರಾಣಿ 2025ರ ಬೇಸಗೆಯನ್ನು ನನ್ನ ಅಕ್ಕನ ಮನೆಯಲ್ಲಿ ಕಳೆಯಿತು. ಅದು ಇಂಜಿನಿಯರಿಂಗ್ ಓದುವ ಅಳಿಯನ ಗೇಮಿಂಗ್ ಲ್ಯಾಪ್‌ಟಾಪ್.

ಎರಡು ಕ್ವಿಂಟಾಲಿಗೂ ಮಿಕ್ಕಿದ ಅಡಿಕೆಯ ದುಡ್ಡು ಅದಕ್ಕೆ ಹೋಗಿತ್ತು. ಹಾಗಾಗಿ ಅದು ಬಿಸಿಯಾಗಿ, ಫ್ಯಾನು ಮಿಕ್ಸಿಯಂತೆ ಕಿರುಚಿ, ಪರದೆಯ ಚಿತ್ರ ತಡವರಿಸತೊಡಗಿದಾಗ ಭಾವನ ತೀರ್ಪು ತಯಾರಾಗಿಯೇ ಇತ್ತು. "ಹಗಲು ರಾತ್ರಿ ಆಟ ಆಡಿದರೆ ಇನ್ನೇನಾಗ್ತದೆ ಮಾರಾಯ?" ಪೇಟೆಯ ಒಂದು ರಿಪೇರಿ ಅಂಗಡಿಯವರು ಬಿಚ್ಚಿಯೂ ನೋಡದೆ, ಗ್ರಾಫಿಕ್ಸ್ ಕಾರ್ಡು ಹೋಗಿದೆ, ಲ್ಯಾಪ್‌ಟಾಪಿನಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಇಡೀ ಬೋರ್ಡು ಬದಲಿಸಲು 40 ಸಾವಿರ ಎಂದರು. ಬೆಸೆದಿರುತ್ತಾರೆಂಬುದು ನಿಜವೇ. ಹೋಗಿದೆಯೆಂಬುದು ಮಾತ್ರ ನೋಡದೆ ಹೇಳಿದ್ದು. ಅಪ್ಪ ಮಗ ಮಾತು ಬಿಟ್ಟರು. ಅಕ್ಕ ನನಗೆ ಫೋನು ಮಾಡಿದಳು.

"ಮಾವ, ಇದು ಸುಟ್ಟು ಹೋದದ್ದಲ್ಲ. ಸುಟ್ಟು ಹೋಗಬಾರದು ಅಂತ ತಾನಾಗಿ ನಿಧಾನ ಮಾಡ್ತಾ ಉಂಟು" ಎಂದ ಅಳಿಯ. ಉಷ್ಣತೆ ತೋರಿಸುವ ಒಂದು ತಂತ್ರಾಂಶ ಹಾಕಿ ಇಪ್ಪತ್ತು ನಿಮಿಷ ಆಟ ಓಡಿಸಿದ. ಗ್ರಾಫಿಕ್ಸ್ ಚಿಪ್ಪಿನ ಉಷ್ಣತೆ ಸರಸರನೆ 87 ಡಿಗ್ರಿಗೆ ಏರಿ ಅಲ್ಲೇ ನಿಂತಿತು. ನಿಂತದ್ದು ಯಾಕೆಂದರೆ, ಚಿಪ್ಪು ತನ್ನ ವೇಗವನ್ನು 1700 ಮೆಗಾಹರ್ಟ್ಸ್‌ನಿಂದ 900ಕ್ಕೆ ಇಳಿಸಿಕೊಂಡಿತ್ತು. ಗದ್ದೆ ಕೆಲಸದವನು ಮಧ್ಯಾಹ್ನದ ಬಿಸಿಲಿಗೆ ಕೈ ನಿಧಾನ ಮಾಡುವುದಿಲ್ಲವೇ, ಹಾಗೆ. ಪರದೆ ತಡವರಿಸುತ್ತಿದ್ದುದು ಆ ಕಾರಣಕ್ಕೆ.

ಇಂಥ ಚಿಪ್ಪು ದುಡಿಯುವಾಗ ನುಂಗುವ ವಿದ್ಯುತ್ತು 80ರಿಂದ 100 ವಾಟ್. ಹಿಂದೆ ಚಾವಡಿಯಲ್ಲಿ ಉರಿಯುತ್ತಿದ್ದ ನೂರು ವಾಟಿನ ಬಲ್ಬನ್ನು ಎರಡು ಬೆರಳು ದಪ್ಪದ ಪೆಟ್ಟಿಗೆಯೊಳಗೆ ಹೊತ್ತಿಸಿಟ್ಟಂತೆ. ಆ ಬಿಸಿಯನ್ನು ಹೊರಗೆ ಸಾಗಿಸುವುದು ತಾಮ್ರದ ಕೊಳವೆಗಳು. ಅವುಗಳೊಳಗೆ ಒಂದಿಷ್ಟೇ ನೀರು. ಚಿಪ್ಪಿನ ಕಡೆಯ ತುದಿಯಲ್ಲಿ ಅದು ಆವಿಯಾಗುತ್ತದೆ. ಆವಿ ಇನ್ನೊಂದು ತುದಿಗೆ ಓಡಿ, ಇಡ್ಲಿ ಪಾತ್ರೆಯ ಮುಚ್ಚಳದಡಿ ಆಗುವಂತೆ ಹನಿಗಟ್ಟಿ ಹಿಂದಿರುಗುತ್ತದೆ. ಆ ತುದಿಯಲ್ಲಿ ತೆಳು ಲೋಹದ ಎಸಳುಗಳ ಸಾಲು; ಫ್ಯಾನು ಎಸಳುಗಳ ನಡುವೆ ಗಾಳಿ ಊದಿ ಬಿಸಿಯನ್ನು ಹೊರಗಟ್ಟುತ್ತದೆ. ಇಷ್ಟರಲ್ಲಿ ಎಲ್ಲಿ ಕಟ್ಟಿದರೂ ಕೆಲಸ ಕೆಟ್ಟಿತು.

ಮೊದಲನೆಯ ಕಟ್ಟು ಹಾಸಿಗೆಯಲ್ಲಿತ್ತು. ಅಳಿಯನ ಲ್ಯಾಪ್‌ಟಾಪ್ ಗಾಳಿ ಎಳೆಯುವುದು ಅಡಿಯಿಂದ. ಹಾಸಿಗೆಯಲ್ಲಿ ಹೂತು ಕೂತರೆ ಎಳೆಯುವುದೇನನ್ನು? ಮೇಜಿಗೆ ಏರಿಸಿ, ಅಡಿಕೆ ಮರದ ಸಲಾಕೆಯ ಎರಡು ತುಂಡು ಕೊಯ್ದು ಹಿಂಬದಿಗೆ ಕೊಟ್ಟೆವು. ಡಿಗ್ರಿ ಇಳಿಯಲಿಲ್ಲ, ಆದರೆ ವೇಗ 1200ಕ್ಕೆ ಏರಿತು. ಸೆಕೆಂಡಿಗೆ 144 ಚಿತ್ರ ಬರೆಯಲು ಹೆಣಗುತ್ತಿದ್ದ ಆಟಕ್ಕೆ 60 ಸಾಕೆಂದು ಮಿತಿ ಹಾಕಿದಾಗ ಇನ್ನಷ್ಟು ಹಗುರಾಯಿತು.

ನೆರೆಮನೆಯವರೊಬ್ಬರು ಒಂದು ಗಳಿಗೆ ಫ್ರಿಜ್ಜಿನಲ್ಲಿಡಿ ಎಂದರು. ಇದನ್ನು ಮಾತ್ರ ಯಾರೂ ಮಾಡಬೇಡಿ. ನಮ್ಮ ಪಸೆಯ ಗಾಳಿಗೆ ತಣ್ಣಗಿನ ವಸ್ತು ತಂದರೆ ಅದರ ಮೈಮೇಲೆ ನೀರು ಹನಿಯುತ್ತದೆ, ಒಳಗಿನ ಬೋರ್ಡಿನ ಮೇಲೂ. ಬೆವರದ ಯಂತ್ರವನ್ನು ಬೆವರಿಸುವ ದಾರಿ ಅದೊಂದೇ.

ಆದರೆ ಹೊತ್ತು ನೋಡಿ ಕೆಲಸ ಮಾಡಬಹುದು. ಫ್ಯಾನು ಕೋಣೆಯ ಗಾಳಿಯನ್ನೇ ಊದುವುದು. ಬೆಳಗಿನ ಜಾವದ 25 ಡಿಗ್ರಿ ಗಾಳಿಗೂ ಮಧ್ಯಾಹ್ನದ 35ಕ್ಕೂ ಇರುವ ಅಂತರ ಹೆಚ್ಚುಕಮ್ಮಿ ಪೂರ್ತಿ ಚಿಪ್ಪಿಗೆ ದಾಟುತ್ತದೆ. ಅಳಿಯ ಐದು ಗಂಟೆಗೇ ಏಳತೊಡಗಿದ. ಮಗ ಬೇಗ ಏಳಲೆಂದು ಎಷ್ಟೋ ವರ್ಷ ಬಯಸಿದ್ದ ಭಾವನಿಗೆ, ಎದ್ದವನು ಕೂತದ್ದೆಲ್ಲಿ ಎಂದು ನೋಡಿ ನಗಬೇಕೋ ಗದರಬೇಕೋ ತಿಳಿಯಲಿಲ್ಲ.

ಆಟವಷ್ಟೇ ಆಗಿದ್ದರೆ ನಾನೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವನ ಕೊನೆಯ ವರ್ಷದ ಪ್ರಾಜೆಕ್ಟು, ಅಡಿಕೆ ಸೋಗೆಯ ಫೋಟೋ ನೋಡಿ ಎಲೆಚುಕ್ಕಿ ರೋಗ ಗುರುತಿಸುವ ಪ್ರೋಗ್ರಾಮು. ಸಾವಿರಾರು ಫೋಟೋ ತೋರಿಸಿ ಕಲಿಸುವ ಆ ಕೆಲಸವೂ ಇದೇ ಚಿಪ್ಪಿನದ್ದು. ಭಾವನಿಗೆ ಇದು ನೆಪವೆನಿಸಿತ್ತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಕ್ರಿಝೆವ್‌ಸ್ಕಿ ಮತ್ತು ಸಂಗಡಿಗರು ಯಂತ್ರಕ್ಕೆ ಚಿತ್ರ ಗುರುತಿಸಲು ಕಲಿಸಿ ಹೆಸರಾದದ್ದು ಆಟಕ್ಕೆಂದು ಮಾರುತ್ತಿದ್ದ ಎರಡು ಜಿಟಿಎಕ್ಸ್ 580 ಕಾರ್ಡುಗಳನ್ನು ಐದಾರು ದಿನ ಎಡೆಬಿಡದೆ ಓಡಿಸಿ ಎಂದೆ. "ಅವರಲ್ಲಿ ಸೆಖೆ ಇಲ್ಲ" ಎಂದರು ಭಾವ.

ವಾರಂಟಿ ಮುಗಿದಿತ್ತು, ಇರುವವರು ಬಿಚ್ಚುವ ಮೊದಲು ಕಾಗದ ನೋಡಿಕೊಳ್ಳಿ. ಕರೆಂಟು ತಪ್ಪಿಸಿ, ಅಡಿಯ ಮುಚ್ಚಳ ತೆಗೆದು, ಮೊದಲು ಬ್ಯಾಟರಿಯ ವಯರು ಕಳಚಿದೆವು. ಸ್ಕ್ರೂಗಳು ಒಂದೇ ಉದ್ದದವಲ್ಲವಾದ್ದರಿಂದ ಅಕ್ಕನ ಬಟ್ಟಲಿನಲ್ಲಿ ಇದ್ದ ಕ್ರಮದಲ್ಲೇ ಜೋಡಿಸಿಟ್ಟೆವು. ಫ್ಯಾನು ಎತ್ತಿದಾಗ ಕಂಡದ್ದು ಎಸಳುಗಳ ಬಾಯಿಗೆ ಅಡ್ಡವಾಗಿ ಕಂಬಳಿಯ ತುಂಡಿನಂಥ ಧೂಳಿನ ಪದರ. ಅಂಗಳದಲ್ಲಿ ಅಡಿಕೆ ಸುಲಿಯುವಾಗ ಹಾರಿದ ಸಿಪ್ಪೆಯ ನಾರು, ಬೆಕ್ಕಿನ ಕೂದಲು, ರಸ್ತೆಯ ಕೆಂಪು ಮಣ್ಣು ಎಲ್ಲವೂ ಪಸೆಗೆ ಹೆಪ್ಪುಗಟ್ಟಿತ್ತು. ಹೊರಗಿನಿಂದ ಎಷ್ಟು ಒರೆಸಿದರೂ ಇದು ಸಿಕ್ಕುವುದಿಲ್ಲ. ಚಿಮಟದಲ್ಲಿ ಎತ್ತಿ, ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಗಾಳಿ ಊದಿದೆವು. ಚಿಪ್ಪಿಗೂ ತಾಮ್ರಕ್ಕೂ ನಡುವೆ ಹಚ್ಚಿದ್ದ ಪೇಸ್ಟು ತಾಂಬೂಲದ ಡಬ್ಬಿಯ ಹಳೆ ಸುಣ್ಣದಂತೆ ಒಣಗಿತ್ತು. ಕೆರೆದು ಸ್ಪಿರಿಟ್ಟಿನಲ್ಲಿ ಒರೆಸಿ ಹೊಸದು ಹಚ್ಚಿದ್ದಾಯಿತು. ಖರ್ಚು 40 ಸಾವಿರದಲ್ಲಿ ನೂರರಲ್ಲೊಂದು ಪಾಲೂ ಅಲ್ಲ, ಆ ಪೇಸ್ಟಿನ ಸಣ್ಣ ಟ್ಯೂಬಿನ ದುಡ್ಡು ಮಾತ್ರ.

ಆ ಕಂಬಳಿ ತುಂಡನ್ನು ಅಳಿಯ ಏನೂ ಹೇಳದೆ ಜಗಲಿಗೆ ಒಯ್ದು ಅಪ್ಪನ ಪೇಪರಿನ ಮೇಲೆ ಇಟ್ಟ. ಭಾವ ಅದನ್ನು ಬೆರಳಲ್ಲಿ ಹೊಸಕಿ ನೋಡಿದರು. "ಇದು ನಮ್ಮ ಅಡಿಕೆಯದ್ದೇ ನಾರು" ಎಂದರು.

ಈಗ ಪೂರ್ತಿ ವೇಗದಲ್ಲಿ ಓಡಿದರೂ 79 ದಾಟಲಿಲ್ಲ. ಆ ರಾತ್ರಿ ಪ್ರಾಜೆಕ್ಟಿನ ಕೆಲಸ ಹಚ್ಚಿಟ್ಟು ಅಳಿಯ ಮಲಗಿದ. ಎರಡು ಗಂಟೆಗೆ ನೀರು ಕುಡಿಯಲು ಎದ್ದಾಗ ನಾನು ನೋಡಿದ್ದು, ಭಾವ ಕತ್ತಲಲ್ಲಿ ಮೇಜಿನ ಮುಂದೆ ಕನ್ನಡಕ ಹಾಕಿ ನಿಂತು ಪರದೆಯ ಮೇಲಿನ ಡಿಗ್ರಿ ಓದುತ್ತಿದ್ದರು.

ಬಲಗಡೆಯ ಫ್ಯಾನು ಇನ್ನೂ ಸ್ವಲ್ಪ ಗರಗರ ಅನ್ನುತ್ತದೆ. ಬೇರಿಂಗ್ ಸವೆದಿದೆ, ಹೊಸದಕ್ಕೆ ಬರೆದು ಹಾಕಿದ್ದೇವೆ.