ಮ್ಯೂನಿಕ್‌ನಿಂದ ಹೊರಟ ಬಸ್ಸು

ಜರ್ಮನಿ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಹಿಟ್ಲರ್ ನೆನಪಾಗುತ್ತಾನೆ, ಇಲ್ಲವೇ ಐನ್‌ಸ್ಟೈನ್. ಪೋಷಕರಿಗೆ ದುಬಾರಿ ಕಾರುಗಳು ನೆನಪಾಗುತ್ತವೆ. ಸಂಗೀತದ ಗಂಧವಿರುವವರು ಬಾಖ್, ಬೀಥೋವನ್ ಎನ್ನಬಹುದು. ಆದರೆ 1970ರ ದಶಕದಲ್ಲಿ ಅದೇ ಜರ್ಮನಿಯ ಯುವಕರು ಗಿಟಾರ್, ಡ್ರಮ್ಸ್, ಸ್ಯಾಕ್ಸೊಫೋನ್ ಹಿಡಿದು, ರಾಕ್ ಮತ್ತು ಜಾಝ್ ಎರಡನ್ನೂ ಕಲಸಿ ಹೊಸದೊಂದು ಸಂಗೀತವನ್ನು ಕಟ್ಟಿದರು. ಅದನ್ನು ಬಲ್ಲವರು ಇಂದಿಗೂ ಕಡಿಮೆ. ಅದರ ಒಂದು ಎಳೆ ನಮ್ಮ ಬೆಂಗಳೂರಿನವರೆಗೂ ಬಂದಿದೆ ಎಂದರೆ ನೀವು ಆಶ್ಚರ್ಯಪಡಬಹುದು.

ನಾನು ಬಿ.ಎಸ್ಸಿ. ಓದುತ್ತಿದ್ದುದು 1980ರ ದಶಕದ ಕೊನೆಯಲ್ಲಿ. ಹಾಸ್ಟೆಲಿನಲ್ಲಿ ನನ್ನ ಕೊಠಡಿಯಲ್ಲಿದ್ದ ಗೆಳೆಯನ ಸೋದರಮಾವ ಕಾರ್ಖಾನೆಯ ತರಬೇತಿಗೆಂದು ಜರ್ಮನಿಗೆ ಹೋಗಿ ಬಂದಿದ್ದರು. ಅವರು ತಂದ ಕ್ಯಾಸೆಟ್‌ಗಳಲ್ಲಿ ಎರಡು ನಮ್ಮ ಕೈಸೇರಿದವು. ಯಾರೋ ರೆಕಾರ್ಡಿನಿಂದ ತುಂಬಿಸಿಕೊಟ್ಟವು. ಮೇಲೆ ಪೆನ್ಸಿಲಿನಲ್ಲಿ ಬರೆದ 'ಎಂಬ್ರಿಯೊ', 'ಕ್ರಾನ್' ಎಂಬ ಹೆಸರುಗಳ ಹೊರತು ಬೇರೆ ವಿವರವಿಲ್ಲ. ಪ್ರಾಣಿಶಾಸ್ತ್ರ ಓದುತ್ತಿದ್ದ ನಮಗೆ 'ಎಂಬ್ರಿಯೊ' ಎಂದರೆ ಭ್ರೂಣ. ಪಾಠದ ಕ್ಯಾಸೆಟ್ ಇರಬಹುದೆಂದು ಹಾಕಿದರೆ, ಹತ್ತು ನಿಮಿಷವಾದರೂ ನಿಲ್ಲದೆ ಹರಿಯುವ ಲಯ! ಹಾಡು ಕಡಿಮೆ, ವಾದ್ಯಗಳ ಮಾತುಕತೆಯೇ ಹೆಚ್ಚು. ಪಕ್ಕದ ಕೊಠಡಿಯವರು 'ಭ್ರೂಣ ಸಂಗೀತ' ಎಂದು ಗೇಲಿ ಮಾಡುತ್ತಿದ್ದರು. ನನಗೆ ಮಾತ್ರ ಅದು ಹಿಡಿಸಿತ್ತು. ಆಮೇಲೆ ಬಿ.ಎಡ್., ಕೆಲಸ, ಸಂಸಾರ. ಕ್ಯಾಸೆಟ್‌ಗಳು ಟ್ರಂಕಿನ ತಳ ಸೇರಿದವು.

ಕಳೆದ ವರ್ಷ ನನ್ನ ಮಗಳು ದ್ವಿತೀಯ ಪಿಯುಸಿ ಮುಗಿಸಿ ನೀಟ್ ಬರೆದಳು. ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಮತ್ತೊಮ್ಮೆ ಬರೆಯುವುದೆಂದು ಅವಳೇ ನಿಶ್ಚಯಿಸಿದಳು. ಆರು ವರ್ಷ ಕಲಿತ ಮೃದಂಗಕ್ಕೆ ಗವಸು ಹಾಕಿ ಬೀರುವಿನ ಮೇಲಿಟ್ಟವಳೂ ಅವಳೇ. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಊಟಕ್ಕೆ ಕರೆದರೆ 'ಹೂಂ', ಕೇಳಿದ್ದಕ್ಕೆಲ್ಲ 'ಉಹೂಂ'. ಒಂದು ದಿನ ಮಾತ್ರ, "ಎಲ್ಲರೂ ಮುಂದೆ ಹೋದ್ರು ಅಪ್ಪ, ನನ್ನ ಒಂದು ವರ್ಷ ಹೋಯ್ತು" ಎಂದಳು. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಧೈರ್ಯ ಹೇಳಿದ ಮೇಷ್ಟರಿಗೆ ಸ್ವಂತ ಮಗಳ ಮುಂದೆ ಮಾತು ಹೊರಡಲಿಲ್ಲ.

ಅದೇ ದಿನಗಳಲ್ಲಿ ಟ್ರಂಕು ಶುಚಿ ಮಾಡುವಾಗ ಆ ಕ್ಯಾಸೆಟ್‌ಗಳು ಕೈಗೆ ಬಂದವು. ಟೇಪಿಗೆ ಬೂಷ್ಟು ಹಿಡಿದು ಅಂಟಿಕೊಂಡಿತ್ತು. "ಹೆಸರು ಹೇಳಪ್ಪ" ಎಂದು ಮಗಳು ಮೊಬೈಲಿನಲ್ಲಿ ಹುಡುಕಿದಳು. ಎರಡು ನಿಮಿಷದಲ್ಲಿ ಹಾಸ್ಟೆಲಿನ ಆ ಸಂಗೀತ ನಮ್ಮ ಹಜಾರದಲ್ಲಿ ಕೇಳಿತು. ಅಂದಿನಿಂದ ರಾತ್ರಿ ಊಟವಾದ ಮೇಲಿನ ಅರ್ಧ ಗಂಟೆ ನಮ್ಮಿಬ್ಬರದಾಯಿತು. ಕೇಳುತ್ತ, ಓದುತ್ತ ಹೋದಂತೆ ಆ ತಂಡಗಳ ಕಥೆಯೂ ಬಿಚ್ಚಿಕೊಂಡಿತು.

ಈ ಸಂಗೀತಗಾರರಲ್ಲಿ ಹೆಚ್ಚಿನವರು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಹುಟ್ಟಿದವರು. ಬಾಂಬಿಗೆ ಸಿಕ್ಕಿ ಕುಸಿದ ಊರುಗಳಲ್ಲಿ ಬೆಳೆದವರು. ತಂದೆಯರ ಕಾಲದ ಹಾಡುಗಳಿಗೆ ನಾಝಿಗಳ ಕೊಳೆ ಮೆತ್ತಿಕೊಂಡಿತ್ತು. ಅಮೆರಿಕ, ಇಂಗ್ಲೆಂಡಿನ ಸಂಗೀತ ರೇಡಿಯೊದಲ್ಲಿ ಬರುತ್ತಿತ್ತು, ಅದನ್ನೇ ನಕಲು ಮಾಡುತ್ತ ಕೂರಲು ಇವರಿಗೆ ಮನಸ್ಸಿಲ್ಲ. ಹಿಂದಕ್ಕೆ ಹೋಗುವಂತಿಲ್ಲ, ಪಕ್ಕದವರದು ತಮ್ಮದಲ್ಲ. ಹಾಗಾಗಿ ಸೊನ್ನೆಯಿಂದ ಶುರುಮಾಡಿದರು. ಇಂಗ್ಲೆಂಡಿನ ಪತ್ರಿಕೆಗಳು ತಮಾಷೆಗೆ 'ಕ್ರೌಟ್‌ರಾಕ್' ಎಂದು ಹೆಸರಿಟ್ಟವು. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಎಲೆಕೋಸು ರಾಕ್'. ಫೌಸ್ಟ್ ಎಂಬ ತಂಡ 1973ರಲ್ಲಿ ತನ್ನ ರಚನೆಯೊಂದಕ್ಕೆ ಆ ಹೆಸರನ್ನೇ ಇಟ್ಟು ಗೇಲಿಯನ್ನು ಹಾಗೆಯೇ ಹಿಂತಿರುಗಿಸಿತು!

ವಿಜ್ಞಾನದ ಮೇಷ್ಟರಾದ ನನಗೆ ಇವರ ಕೆಲಸದ ರೀತಿ ಬಹಳ ಮೆಚ್ಚುಗೆಯಾಯಿತು. ಕಲೋನ್ ನಗರದಲ್ಲಿ 1968ರಲ್ಲಿ ಹುಟ್ಟಿದ 'ಕ್ಯಾನ್' ತಂಡ ಹಳೆಯ ಸಿನಿಮಾ ಮಂದಿರವೊಂದನ್ನು ಸ್ಟುಡಿಯೊ ಮಾಡಿಕೊಂಡಿತು. ಪ್ರತಿಧ್ವನಿ ಬಾರದಿರಲೆಂದು ಗೋಡೆಗಳಿಗೆಲ್ಲ ಸೈನ್ಯದ ಹಳೆಯ ಹಾಸಿಗೆಗಳನ್ನು ಹೊಡೆದರು. ಮೆತ್ತನೆಯ ವಸ್ತು ಶಬ್ದವನ್ನು ಹೀರಿಕೊಳ್ಳುತ್ತದೆ ಎಂದು ನಾವು ಪಾಠ ಮಾಡುವುದು ಇದನ್ನೇ ಅಲ್ಲವೇ? ಗಂಟೆಗಟ್ಟಲೆ ನುಡಿಸಿದ್ದನ್ನು ಟೇಪಿನಲ್ಲಿ ಹಿಡಿದು, ಹೋಲ್ಗರ್ ಚುಕೈ ಅದನ್ನು ಕತ್ತರಿಸಿ, ಅಂಟಿಸಿ ರೂಪ ಕೊಡುತ್ತಿದ್ದರು. ಡ್ಯೂಸೆಲ್ಡಾರ್ಫಿನ 'ನೊಯ್' ಎಂಬ ಇಬ್ಬರ ತಂಡದ್ದು ಇನ್ನೂ ತಮಾಷೆಯ ಕಥೆ. 1973ರಲ್ಲಿ ಎರಡನೇ ರೆಕಾರ್ಡು ಮಾಡುವಾಗ ಅರ್ಧದಲ್ಲೇ ದುಡ್ಡು ಮುಗಿಯಿತು. ಹಿಂದೆ ಹೊರತಂದಿದ್ದ ಎರಡು ಹಾಡುಗಳ ಚಿಕ್ಕ ರೆಕಾರ್ಡನ್ನೇ ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಉಳಿದ ಮಗ್ಗುಲನ್ನು ತುಂಬಿಸಿದರು. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ರೆಕಾರ್ಡನ್ನು 78 ಸುತ್ತಿನಲ್ಲಿ ಓಡಿಸಿದರೆ ಕಂಪನಾಂಕ ಸುಮಾರು 1.73 ಪಟ್ಟು ಏರುತ್ತದೆ. 440 ಹರ್ಟ್ಸ್‌ನ ಸ್ವರ ಸುಮಾರು 763 ಆಗುತ್ತದೆ. ಮಗಳು ಇದನ್ನು ಕೇಳಿ, "ಪರೀಕ್ಷೇಲಿ ಉತ್ತರ ತೋಚದೆ ಇದ್ದಾಗ ಪುಟ ತುಂಬಿಸ್ತಾರಲ್ಲ, ಹಾಗಾಯ್ತು" ಎಂದು ನಕ್ಕಳು. ಎಷ್ಟೋ ವಾರಗಳ ಮೇಲೆ ಕೇಳಿದ ನಗು ಅದು.

ಇನ್ನು ನಮ್ಮ 'ಭ್ರೂಣ'ದ ಕಥೆ. ಎಂಬ್ರಿಯೊ ತಂಡವನ್ನು ಕ್ರಿಸ್ಟಿಯನ್ ಬುರ್ಖಾರ್ಡ್ ಮತ್ತು ಗೆಳೆಯರು 1969ರಲ್ಲಿ ಮ್ಯೂನಿಕ್‌ನಲ್ಲಿ ಕಟ್ಟಿದರು. ದೊಡ್ಡ ಕಂಪನಿಗಳ ಹಂಗು ಬೇಡವೆಂದು 1976ರಲ್ಲಿ ಇತರ ತಂಡಗಳೊಂದಿಗೆ ಸೇರಿ ಸಂಗೀತಗಾರರದೇ ಆದ ರೆಕಾರ್ಡು ಸಂಸ್ಥೆಯನ್ನು ತೆರೆದರು. 1978ರಲ್ಲಿ ಬಸ್ಸು ಹತ್ತಿ ಪೂರ್ವಕ್ಕೆ ಹೊರಟೇಬಿಟ್ಟರು. ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂದರು. ದಾರಿಯುದ್ದಕ್ಕೂ ಅಲ್ಲಲ್ಲಿನ ಕಲಾವಿದರ ಜೊತೆ ಕೂತು ನುಡಿಸಿದರು. 1979ರಲ್ಲಿ ಹೊರಬಂದ 'ಎಂಬ್ರಿಯೋಸ್ ರೈಝೆ', ಅಂದರೆ 'ಎಂಬ್ರಿಯೊದ ಪಯಣ', ಆ ಯಾತ್ರೆಯ ಫಲ.

ಇವರ ಒಡನಾಡಿಗಳಾದವರು ನಮ್ಮವರೇ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ಹಾಗೂ ಗಾಯಕಿ ಆರ್.ಎ. ರಮಾಮಣಿ. ಎಂಬ್ರಿಯೊದಿಂದ ಬೇರೆಯಾದ ಕೆಲವರು ಕಟ್ಟಿದ 'ಡಿಸಿಡೆಂಟನ್' ತಂಡ 1982ರಲ್ಲಿ ತಂದ 'ಜರ್ಮನಿಸ್ತಾನ್' ರೆಕಾರ್ಡಿನಲ್ಲೂ ಇವರೇ ಜೊತೆಗಾರರು. ಮಣಿಯವರು 2020ರಲ್ಲಿ ತೀರಿಕೊಂಡರು. ನಮ್ಮ ಮೃದಂಗ, ಘಟ, ಖಂಜಿರಗಳು ಜರ್ಮನರ ಡ್ರಮ್ಸ್ ಪಕ್ಕದಲ್ಲಿ ಸರಿಸಮನಾಗಿ ಕೂತು ಮಾತಾಡಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇವರೆಲ್ಲರ ನಡುವೆ ನನ್ನನ್ನು ಹೆಚ್ಚು ತಟ್ಟಿದವರು ಚಾರ್ಲಿ ಮೇರಿಯಾನೊ. ಹುಟ್ಟಿದ್ದು 1923ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಸ್ಯಾಕ್ಸೊಫೋನಿನಲ್ಲಿ ಹೆಸರು ಮಾಡಿದವರು. ನಲವತ್ತು ದಾಟಿದ ಮೇಲೆ ನಾಗಸ್ವರಕ್ಕೆ ಮನಸೋತು, ಆ ಕಷ್ಟದ ವಾದ್ಯವನ್ನು ಮೊದಲಿನಿಂದ ಕಲಿತರು. 1973ರ ಎಂಬ್ರಿಯೊ ರೆಕಾರ್ಡೊಂದರಲ್ಲಿ ಅವರ ನಾಗಸ್ವರವಿದೆ. ಅರವತ್ತರ ಹೊಸ್ತಿಲಲ್ಲಿ, 1983ರಲ್ಲಿ, ಮಣಿ ಮತ್ತು ರಮಾಮಣಿ ಅವರ ಬಳಗದೊಂದಿಗೆ 'ಜ್ಯೋತಿ' ಎಂಬ ರೆಕಾರ್ಡು ಮಾಡಿದರು. ಹೆಸರು ಮಾಡಿದ ವಿದ್ವಾಂಸ ಮತ್ತೆ ಒಂದನೇ ತರಗತಿಯ ಬೆಂಚಿನ ಮೇಲೆ ಕೂರುವುದು ಸಣ್ಣ ಮಾತಲ್ಲ.

ಬುರ್ಖಾರ್ಡ್ 2018ರಲ್ಲಿ ತೀರಿಕೊಂಡರು. ಸುಮಾರು ಅರ್ಧ ಶತಮಾನ ತಂಡ ನಡೆಸಿದರೂ ಅವರದು ಮನೆಮಾತಾದ ಹೆಸರಲ್ಲ. ಆದರೆ ತಂಡ ನಿಲ್ಲಲಿಲ್ಲ, ಮಗಳು ಮಾರ್ಯಾ ಅದನ್ನು ಮುನ್ನಡೆಸಿದರು. ಇದನ್ನು ಓದಿ ಹೇಳಿದಾಗ ನನ್ನ ಮಗಳು ಏನೂ ಅನ್ನಲಿಲ್ಲ. ಮಾರ್ಯಾ ನುಡಿಸುವುದನ್ನು ಮಾತ್ರ ಎರಡು ಸಲ ಹಾಕಿ ಕೇಳಿದಳು.

ಮತ್ತೊಂದು ರಾತ್ರಿ ಎಂಬ್ರಿಯೊ ಕೇಳುತ್ತ ನಾನು ತೊಡೆಯ ಮೇಲೆ ನಾಲ್ಕರ ಲೆಕ್ಕದಲ್ಲಿ ತಾಳ ಹಾಕುತ್ತಿದ್ದೆ. "ಅಲ್ಲಪ್ಪ, ಇದು ಏಳು" ಎಂದು ಅವಳು 'ತಕಿಟ ತಕಧಿಮಿ' ಹೇಳಿ ತೋರಿಸಿದಳು. ಮೂರು, ನಾಲ್ಕು, ಏಳು. "ಒಬ್ಬ ಐದರಲ್ಲಿ, ಇನ್ನೊಬ್ಬ ಏಳರಲ್ಲಿ ನುಡಿಸಿದರೆ?" ಎಂದು ಕೆಣಕಿದೆ. "ಮೂವತ್ತೈದಕ್ಕೆ ಇಬ್ಬರೂ ಒಟ್ಟಿಗೆ ಸಮಕ್ಕೆ ಬರ್ತಾರೆ" ಎಂದಳು. ಲಘುತಮ ಸಾಮಾನ್ಯ ಅಪವರ್ತ್ಯವನ್ನು ನಾನು ಬೋರ್ಡಿನ ಮೇಲೆ ನೂರಾರು ಸಲ ಬರೆದಿದ್ದೇನೆ. ಅದು ಇಷ್ಟು ಹಿತವಾಗಿ ಕೇಳಿದ್ದು ಅಂದೇ. ಐದರವನೂ ಏಳರವನೂ ನಡುವೆ ಬೇರೆ ಬೇರೆ ಕಡೆ ಇರುತ್ತಾರೆ. ಹಾಗೆಂದು ಯಾರೂ ತಾಳ ತಪ್ಪಿದ್ದಾರೆ ಎನ್ನಲಾಗದು. ಇದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅವಳಿಗೇ ಹೊಳೆದಂತಿತ್ತು.

ಮಗಳ ಪರೀಕ್ಷೆ ಇನ್ನೂ ಮುಂದಿದೆ. ಫಲಿತಾಂಶ ಏನಾಗುವುದೋ ಬಲ್ಲವರಾರು? ಮೃದಂಗವೂ ಸದ್ಯಕ್ಕೆ ಬೀರುವಿನ ಮೇಲೆಯೇ ಇದೆ, ಇಳಿಸು ಎಂದು ನಾನು ಹೇಳಿಲ್ಲ. ಆದರೆ ಜೀವಶಾಸ್ತ್ರದ ಪುಸ್ತಕ ಹಿಡಿದು ಕೂತಾಗ ಅವಳ ಬೆರಳುಗಳು ಮೇಜಿನ ಮೇಲೆ ಓಡುತ್ತಿರುತ್ತವೆ. 'ವರ್ಷ ಹೋಯ್ತು' ಎಂಬ ಮಾತು ಈಚೆಗೆ ಕೇಳಿಲ್ಲ.

ಪೋಷಕರಲ್ಲಿ ನನ್ನದೊಂದು ವಿನಂತಿ. ಮಕ್ಕಳ ಅಂಕ ಕೇಳಿ, ತಪ್ಪಲ್ಲ. ಜೊತೆಗೆ ದಿನಕ್ಕೆ ಅರ್ಧ ಗಂಟೆ ಅವರೊಂದಿಗೆ ಏನನ್ನಾದರೂ ಕೇಳಿ. ಜರ್ಮನ್ ರಾಕ್ ಆಗಬೇಕೆಂದಿಲ್ಲ, ದಾಸರ ಪದವಾದರೂ ಸರಿ, ಅವರಿಗಿಷ್ಟವಾದ ಸಿನಿಮಾ ಹಾಡಾದರೂ ಸರಿ. ವಿದ್ಯಾರ್ಥಿಗಳೇ, ಸೀಟು ಒಂದು ವರ್ಷ ತಡವಾಗಬಹುದು, ಬೇರೆ ದಾರಿಯೇ ತೆರೆಯಬಹುದು. ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ. ನಲವತ್ತು ದಾಟಿದವರೊಬ್ಬರು ನಾಗಸ್ವರದ ಮೊದಲ ಪಾಠಕ್ಕೆ ಕೂತರೆಂದ ಮೇಲೆ, ಹತ್ತೊಂಬತ್ತಕ್ಕೆ ತಡವಾಯಿತು ಎನ್ನುವ ಲೆಕ್ಕ ಯಾವ ತಾಳಕ್ಕೂ ಕೂರುವುದಿಲ್ಲ.